ಯುದ್ಧಕಾಲದ ಸಂಕಲ್ಪ: ಬ್ರಿಡ್ಜ್‌ವಾಟರಿನ ಗುಡ್ಡ ಹೇಳುವ ಪಾಠ

ಯುದ್ಧದ ಅರ್ಧ ಭಾಗ ಗಡಿಯಲ್ಲಿ ನಡೆಯುತ್ತದೆ. ಉಳಿದರ್ಧ ಮನೆಗಳಲ್ಲಿ, ಮಾರುಕಟ್ಟೆಯಲ್ಲಿ, ಶಾಸನಸಭೆಯಲ್ಲಿ, ಸುದ್ದಿಮನೆಯಲ್ಲಿ ನಡೆಯುತ್ತದೆ. ಮೊದಲನೆಯದರ ಹೊಣೆ ಸೇನೆಯದು, ಎರಡನೆಯದರ ಹೊಣೆ ನಮ್ಮೆಲ್ಲರದು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ಅಮಾಯಕರ ಹತ್ಯೆಯಾಯಿತು. ಆ ಪೈಶಾಚಿಕ ಕೃತ್ಯದಿಂದ ಶಿವಮೊಗ್ಗದ, ಬೆಂಗಳೂರಿನ ಮನೆಗಳಲ್ಲೂ ಕತ್ತಲು ಕವಿಯಿತು. ಮೇ 7ರ ನಸುಕಿನಲ್ಲಿ ಭಾರತೀಯ ಸೇನೆ ಪಾಕಿಸ್ತಾನ ಹಾಗೂ ಪಾಕ್ ಆಕ್ರಮಿತ ಕಾಶ್ಮೀರದ 9 ಭಯೋತ್ಪಾದಕ ನೆಲೆಗಳ ಮೇಲೆ ಎರಗಿತು. ಮೇ 10ರ ಸಂಜೆ ಕಾದಾಟ ನಿಂತಿತು. ಈ ನಾಲ್ಕು ದಿನಗಳಲ್ಲಿ ಸೇನೆ ತನ್ನ ಪಾಲಿನ ಅರ್ಧವನ್ನು ಹೇಗೆ ನಿಭಾಯಿಸಿತೆಂಬುದನ್ನು ಬಲ್ಲವರು ಸಾಕಷ್ಟು ಬರೆದಿದ್ದಾರೆ. ನಮ್ಮ ಪಾಲಿನ ಅರ್ಧವನ್ನು ನಾವು ಹೇಗೆ ನಿಭಾಯಿಸಿದೆವು ಎಂಬುದು ಈ ಲೇಖನದ ವಿಷಯ.

ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಆ ದಿನಗಳಲ್ಲಿ ಊರಿನಿಂದ ಬಂದ ಕರೆಗಳಲ್ಲೆಲ್ಲ ಎರಡು ಮಾತುಗಳಿರುತ್ತಿದ್ದವು. ಒಂದು, 'ಅಮೆರಿಕ ಯಾರ ಪರ?' ಇನ್ನೊಂದು, ಮಗನನ್ನೋ ಅಳಿಯನನ್ನೋ ಇಲ್ಲಿಗೆ ಕಳುಹಿಸಲು ಸಿದ್ಧತೆ ನಡೆಸಿರುವವರ ಅಳುಕಿನ ಮಾತು: 'ನಾಳೆ ಆ ದೇಶವೇ ಯುದ್ಧಕ್ಕಿಳಿದರೆ ನಮ್ಮ ಹುಡುಗನ ಗತಿಯೇನು?' ಎರಡಕ್ಕೂ ಉತ್ತರಿಸಬೇಕಾದರೆ ಮೊದಲು ಒಂದು ದೇಶದ ಸಂಕಲ್ಪವೆಂದರೇನು, ಅದು ಹೇಗೆ ಕಟ್ಟಿಕೊಳ್ಳುತ್ತದೆ, ಹೇಗೆ ಸಡಿಲಗೊಳ್ಳುತ್ತದೆ ಎಂಬುದನ್ನು ತಿಳಿಯಬೇಕು. ಅದಕ್ಕೆ ಬೇಕಾದ ಇತಿಹಾಸ ನಾನಿರುವ ಊರಿನಲ್ಲಿಯೇ ಇದೆ.

ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಶ್ರೀ ವೆಂಕಟೇಶ್ವರ ದೇವಾಲಯ. ಅಮೆರಿಕಕ್ಕೆ ಮಕ್ಕಳನ್ನು ನೋಡಲು ಬಂದ ತಂದೆತಾಯಿಗಳು ಇಲ್ಲಿ ಬಾಲಾಜಿಯ ದರ್ಶನ ಪಡೆಯದೆ ಹಿಂದಿರುಗುವುದು ವಿರಳ. ಆ ದೇವಾಲಯದಿಂದ ಕಾರಿನಲ್ಲಿ ಕೆಲವೇ ನಿಮಿಷಗಳ ದೂರದಲ್ಲಿ, ವಾಚಂಗ್ ಗುಡ್ಡಸಾಲಿನ ಇಳಿಜಾರಿನಲ್ಲಿ ಮಿಡಲ್‌ಬ್ರೂಕ್ ಎಂಬ ಸ್ಥಳವಿದೆ. ಅಲ್ಲಿ ಹಗಲಿರುಳೂ ಒಂದು ಬಾವುಟ ಹಾರುತ್ತದೆ. 1889ರಿಂದ ಪ್ರತಿ ಜುಲೈ 4ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿ ಓದುವ ಸಂಪ್ರದಾಯವಿದೆ. ಜಾರ್ಜ್ ವಾಷಿಂಗ್ಟನ್ನನ ಸೇನೆ ಎರಡು ಬಾರಿ ಬೀಡುಬಿಟ್ಟ ನೆಲವದು.

ಮೊದಲನೆಯ ಬಾರಿ 1777ರ ಬೇಸಿಗೆಯಲ್ಲಿ. ಕೆಳಗೆ ನ್ಯೂ ಬ್ರನ್ಸ್‌ವಿಕ್‌ನಲ್ಲಿದ್ದ ಬ್ರಿಟಿಷ್ ಸೇನಾಪತಿ ಹೋವ್ ಸಂಖ್ಯೆಯಲ್ಲಿಯೂ ತರಬೇತಿಯಲ್ಲಿಯೂ ಮೇಲಾಗಿದ್ದ ಸೈನ್ಯವನ್ನು ಬಯಲಿಗೆ ತಂದು, ಅಮೆರಿಕನ್ನರನ್ನು ಗುಡ್ಡದಿಂದ ಕೆಳಗಿಳಿಸಲು ಜೂನ್ ತಿಂಗಳಿಡೀ ಯತ್ನಿಸಿದ. ವಾಷಿಂಗ್ಟನ್ ಆ ಬಲೆಗೆ ಬೀಳಲಿಲ್ಲ. ತನ್ನ ಬಲಾಬಲಗಳನ್ನು ಅರಿತಿದ್ದ ಆತ ಗುಡ್ಡದ ಆಶ್ರಯವನ್ನು ಬಿಟ್ಟುಕೊಡಲಿಲ್ಲ. ಕಾದು ಬೇಸತ್ತ ಹೋವ್ ಕೊನೆಗೆ ನ್ಯೂಜೆರ್ಸಿಯನ್ನೇ ತೊರೆದ. ಟೀಕಾಕಾರರು ಹೇಡಿತನವೆಂದು ಕರೆಯಬಹುದಾಗಿದ್ದ ಸಂಯಮವದು. ಯಾವಾಗ ಹೊಡೆಯಬೇಕು, ಎಷ್ಟು ಹೊಡೆಯಬೇಕು, ಯಾವಾಗ ನಿಲ್ಲಬೇಕೆಂಬುದನ್ನು ಶತ್ರುವಿನ ಕೆಣಕುವಿಕೆಯಾಗಲಿ ಜನಜಂಗುಳಿಯ ಕೂಗಾಗಲಿ ನಿರ್ಧರಿಸಬಾರದೆಂಬುದು ಸಂಕಲ್ಪದ ಮೊದಲ ಪಾಠ.

ಎರಡನೆಯ ಬಾರಿ 1778-79ರ ಚಳಿಗಾಲ. ಈ ಸಲದ ಶತ್ರು ಬಯಲಿನಲ್ಲಿರಲಿಲ್ಲ, ಬೆನ್ನ ಹಿಂದೆ ಇದ್ದ. ಯುದ್ಧ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತ್ತು. ಫ್ರಾನ್ಸ್ ಜೊತೆಗೂಡಿದ್ದರಿಂದ ಇನ್ನೇನು ಗೆದ್ದೆವೆಂಬ ಮೈಮರೆವು ಜನರಲ್ಲಿ ಮೂಡಿತ್ತು. ಕಾಗದದ ಹಣದ ಬೆಲೆ ದಿನದಿನಕ್ಕೂ ಕುಸಿಯುತ್ತಿತ್ತು. ವರ್ತಕರು ಸೇನೆಗೆ ಬೇಕಾದ ದವಸಧಾನ್ಯಗಳನ್ನು ಅಡಗಿಸಿಟ್ಟು ಬೆಲೆ ಏರಿಸುತ್ತಿದ್ದರು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ವರ್ಜೀನಿಯಾದ ಶಾಸನಸಭಾಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನನಿಗೆ ಮಿಡಲ್‌ಬ್ರೂಕಿನಲ್ಲಿ ಬರೆಯತೊಡಗಿ ಫಿಲಡೆಲ್ಫಿಯಾದಲ್ಲಿ ಮುಗಿಸಿದ ದೀರ್ಘ ಪತ್ರವೊಂದಿದೆ. ಸೋಮಾರಿತನ, ದುಂದು, ಹಣದ ದಾಹ ಸಮಾಜವನ್ನು ಹಿಡಿದಿವೆ. ಪಕ್ಷಜಗಳಗಳೂ ವೈಯಕ್ತಿಕ ಮನಸ್ತಾಪಗಳೂ ದಿನದ ಮುಖ್ಯ ಕೆಲಸವಾಗಿ, ದೇಶದ ಅಳಿವು ಉಳಿವಿನ ಪ್ರಶ್ನೆಗಳನ್ನು ನಾಳೆಗೆ ತಳ್ಳಲಾಗುತ್ತಿದೆ. ನೂರಾರು ಪೌಂಡುಗಳನ್ನು ಔತಣಕೂಟಗಳಿಗೆ ಸುರಿಯುತ್ತಿರುವಾಗ ಅಧಿಕಾರಿಗಳು ಬಡತನ ತಾಳಲಾರದೆ ಸೇನೆ ತೊರೆಯುತ್ತಿದ್ದಾರೆ ಎಂಬುದು ಅದರ ಸಾರಾಂಶ. 1779ರ ಏಪ್ರಿಲ್‌ನಲ್ಲಿ ಇದೇ ಶಿಬಿರದಿಂದ ಜಾನ್ ಜೇಗೆ ಬರೆದಾಗ, ಒಂದು ಬಂಡಿ ತುಂಬ ಹಣ ಕೊಟ್ಟರೂ ಒಂದು ಬಂಡಿ ದವಸ ಸಿಗುವುದು ಕಷ್ಟವಾಗಿದೆಯೆಂದು ನೊಂದುಕೊಂಡ.

ಇಪ್ಪತ್ತೊಂದನೆಯ ಶತಮಾನದ ಯಾವ ದೇಶದ ಸೇನಾಪತಿಯಾದರೂ ಬರೆಯಬಹುದಾದ ಮಾತುಗಳಿವು. ಸೇನೆ ಸೋಲುವುದಕ್ಕೆ ಮುಂಚೆ ಸಮಾಜ ದಣಿಯುತ್ತದೆ. ಅಮೆರಿಕ ಆಗ ದಣಿಯದೆ ಉಳಿದದ್ದಕ್ಕೆ ಕಾರಣ, ಅಲ್ಲೊಂದು ಇಲ್ಲೊಂದು ಕಡೆ ಕೆಲವರು ಸದ್ದಿಲ್ಲದೆ ತಮ್ಮ ಕೆಲಸವನ್ನು ಮಾಡುತ್ತ ಹೋದುದು. ಅದೇ ಚಳಿಗಾಲದಲ್ಲಿ ಸಮೀಪದ ಪ್ಲಕ್‌ಮಿನ್‌ನಲ್ಲಿ ಹೆನ್ರಿ ನಾಕ್ಸ್ ಫಿರಂಗಿ ದಳದ ಅಧಿಕಾರಿಗಳಿಗೆ ತರಬೇತಿ ಶಾಲೆ ನಡೆಸಿದ. ಅದಕ್ಕೂ ಎರಡು ವರ್ಷ ಹಿಂದೆ, 1777ರ ಫೆಬ್ರುವರಿಯಲ್ಲಿ, ಇದೇ ರಾಜ್ಯದ ಮಾರಿಸ್‌ಟೌನ್‌ನಲ್ಲಿದ್ದಾಗ ವಾಷಿಂಗ್ಟನ್ ಇಡೀ ಸೇನೆಗೆ ಸಿಡುಬಿನ ದೇವಿ ಹಾಕಿಸಲು ಆಜ್ಞಾಪಿಸಿದ್ದ. ಜೆನ್ನರನ ಲಸಿಕೆ ಇನ್ನೂ ಬಂದಿರದ ಕಾಲ; ರೋಗಿಯ ಕೀವನ್ನೇ ಆರೋಗ್ಯವಂತನ ಚರ್ಮಕ್ಕೆ ಸೋಂಕಿಸುವ ಕ್ರಮವದು. ನೂರರಲ್ಲಿ ಒಬ್ಬಿಬ್ಬರು ಅದರಿಂದಲೇ ಸಾಯುವ ಸಾಧ್ಯತೆಯಿತ್ತು. ಹಾಕಿಸಿಕೊಂಡವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದರು; ಶತ್ರುವಿಗೆ ಸುಳಿವು ಸಿಕ್ಕಿದರೆ ಶಿಬಿರವೇ ನಾಶವಾಗುತ್ತಿತ್ತು. ಗುಟ್ಟಾಗಿ, ಸರದಿಯ ಮೇಲೆ ಅದನ್ನು ನಡೆಸಿ ಮುಗಿಸಿದರು. ಚಪ್ಪಾಳೆ ಗಿಟ್ಟಿಸದ, ಆದರೆ ಯುದ್ಧವನ್ನು ಉಳಿಸಿದ ಇಂಥ ನಿರ್ಧಾರಗಳೇ ಸಂಕಲ್ಪದ ನಿಜವಾದ ರೂಪವೆಂದು ವೈದ್ಯನಾಗಿ ನನಗೆ ಅನಿಸುತ್ತದೆ.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಯುದ್ಧ ಘೋಷಣೆಯ ಪರವಾಗಿ ಸೆನೆಟ್‌ನಲ್ಲಿ 82 ಮತಗಳು ಬಂದವು, ವಿರೋಧವಾಗಿ ಒಂದೂ ಇಲ್ಲ. ಕೆಳಮನೆಯಲ್ಲಿ 388 ಪರ, 1 ವಿರೋಧ. ಮುಂದೆ ಸುಮಾರು 1 ಕೋಟಿ 60 ಲಕ್ಷ ಅಮೆರಿಕನ್ನರು ಸಮವಸ್ತ್ರ ತೊಟ್ಟರು. ಮನೆಮನೆಗೂ ಪಡಿತರ ಬಂತು, ಯುದ್ಧಪತ್ರಗಳನ್ನು ಜನ ಕೊಂಡರು, ತೆರಿಗೆ ಏರಿತು. ನಮ್ಮ ಮಕ್ಕಳು ಓದುವ ರಟ್ಗರ್ಸ್ ವಿಶ್ವವಿದ್ಯಾಲಯದ ಲಿವಿಂಗ್‌ಸ್ಟನ್ ಆವರಣ ಅಂದು ಕ್ಯಾಂಪ್ ಕಿಲ್ಮರ್ ಆಗಿತ್ತು. ಯೂರೋಪಿನ ರಣರಂಗಕ್ಕೆ ಹಡಗು ಹತ್ತಲಿದ್ದ ಲಕ್ಷಾಂತರ ಸೈನಿಕರು ಅಲ್ಲಿ ತಂಗುತ್ತಿದ್ದರು. ಭಾರತೀಯರ ಅಂಗಡಿಮುಂಗಟ್ಟುಗಳಿಂದ ತುಂಬಿರುವ ಎಡಿಸನ್‌ನಲ್ಲಿ, ಇಂದು ಮಿಡಲ್‌ಸೆಕ್ಸ್ ಕಾಲೇಜು ಇರುವ ಜಾಗ ಅಂದು ರ‍್ಯಾರಿಟನ್ ಶಸ್ತ್ರಾಗಾರದ ಭಾಗ. ನಾವಿಂದು ಅನುಭವಿಸುತ್ತಿರುವ ನೆಮ್ಮದಿಯ ನೆಲದಡಿಯಲ್ಲಿ ಇನ್ನೊಂದು ಪೀಳಿಗೆ ತೆತ್ತ ಬೆಲೆಯಿದೆ.

ವಿಯೆಟ್ನಾಂ ಕಾಲಕ್ಕೆ ಈ ಒಗ್ಗಟ್ಟು ಮುರಿಯಿತು. ಬೀದಿಯ ಪ್ರತಿಭಟನೆಗಳೇ ಯುದ್ಧವನ್ನು ಸೋಲಿಸಿದವೆಂದು ನನ್ನಂಥ ಸಂಪ್ರದಾಯವಾದಿಗಳು ಹೇಳುವುದುಂಟು. ಅದರಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ. 1967ರ ನವೆಂಬರ್‌ನಲ್ಲಿ ಸೇನಾಪತಿ ವೆಸ್ಟ್‌ಮೋರ್‌ಲ್ಯಾಂಡ್ ರಾಜಧಾನಿಗೆ ಬಂದು ಯುದ್ಧದ ಅಂತ್ಯ ಕಣ್ಣಿಗೆ ಕಾಣಿಸತೊಡಗಿದೆಯೆಂದು ಭರವಸೆಯಿತ್ತರು. ಮೂರು ತಿಂಗಳು ಕಳೆಯುವುದರೊಳಗೆ, 1968ರ ಜನವರಿ 30ರಂದು ಟೆಟ್ ಆಕ್ರಮಣ ಆರಂಭವಾಯಿತು. ಸೈನಿಕವಾಗಿ ಆ ಆಕ್ರಮಣ ವಿಫಲವಾಯಿತು, ಆದರೆ ಅಮೆರಿಕನ್ನರ ವಿಶ್ವಾಸವನ್ನು ಅದು ಮುರಿಯಿತು. ರೋಗದ ತೀವ್ರತೆಯನ್ನು ಮುಚ್ಚಿಟ್ಟು 'ಎಲ್ಲ ಸರಿಹೋಗುತ್ತದೆ' ಎಂದ ವೈದ್ಯನನ್ನು ರೋಗಿ ಎರಡನೆಯ ಬಾರಿ ನಂಬುವುದಿಲ್ಲ. ಮುಂದೆ ಅವನು ಹೇಳುವ ನಿಜವೂ ಸುಳ್ಳಾಗಿ ಕೇಳಿಸುತ್ತದೆ. ಕಷ್ಟವನ್ನು ಮೊದಲೇ ತಿಳಿಸಿದರೆ ಜನ ತಡೆದುಕೊಳ್ಳುತ್ತಾರೆ. ವಂಚಿತರಾದೆವೆಂದು ಅನಿಸಿದಾಗ ಕೈಬಿಡುತ್ತಾರೆ. 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಯೋಧರು ಆ ಯುದ್ಧದಲ್ಲಿ ಮಡಿದರು. ನ್ಯೂಜೆರ್ಸಿಯೊಂದರಿಂದಲೇ ಮಡಿದ 1,500ಕ್ಕೂ ಹೆಚ್ಚು ಮಂದಿಯ ಹೆಸರುಗಳು ಹೋಮ್‌ಡೆಲ್‌ನ ಸ್ಮಾರಕದಲ್ಲಿವೆ. ವರ್ಷದ ಒಂದೊಂದು ದಿನಕ್ಕೆ ಒಂದರಂತೆ 366 ಕಪ್ಪು ಫಲಕಗಳು, ಆಯಾ ದಿನ ಸತ್ತವರ ಹೆಸರು ಆಯಾ ಫಲಕದ ಮೇಲೆ.

1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಆಮೇಲೆ ಯುದ್ಧ ಬಹುಪಾಲು ಅಮೆರಿಕನ್ನರಿಗೆ ಬೇರೆ ಯಾರದೋ ಮನೆಯ ವಿಷಯವಾಯಿತು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನ್ಯೂಜೆರ್ಸಿಗೆ ಸೇರಿದ ಸುಮಾರು 750 ಮಂದಿ ಸತ್ತರು. ಮೂರು ದಿನಗಳಲ್ಲಿ ಬಲಪ್ರಯೋಗದ ನಿರ್ಣಯಕ್ಕೆ ಸೆನೆಟ್‌ನಲ್ಲಿ 98 ಪರ, 0 ವಿರೋಧ, ಕೆಳಮನೆಯಲ್ಲಿ 420 ಪರ, 1 ವಿರೋಧ ಮತ ಬಿದ್ದವು. ಒಗ್ಗಟ್ಟಿನ ಅಂಕಿಗಳು 1941ರಂತೆಯೇ ಇದ್ದವು. ಆದರೆ ಪಡಿತರವಿಲ್ಲ, ಯುದ್ಧತೆರಿಗೆಯಿಲ್ಲ, ನೆರೆಮನೆಯ ಹುಡುಗ ರಣರಂಗಕ್ಕೆ ಹೋದದ್ದನ್ನು ಕಂಡವರೂ ಕಡಿಮೆ. ಇಪ್ಪತ್ತು ವರ್ಷಗಳ ಬಳಿಕ, 2021ರ ಆಗಸ್ಟ್ 30ರಂದು ಕಡೆಯ ವಿಮಾನ ಕಾಬೂಲಿನಿಂದ ಮೇಲೇರಿದಾಗ, ಅದಕ್ಕೂ ನಾಲ್ಕು ದಿನ ಮುಂಚೆ ವಿಮಾನ ನಿಲ್ದಾಣದ ಬಾಗಿಲಲ್ಲಿ 13 ಅಮೆರಿಕನ್ ಯೋಧರು ಬಲಿಯಾಗಿದ್ದರು. ಯಾವ ತಾಲಿಬಾನನ್ನು ಕೆಳಗಿಳಿಸಲು ಹೋಗಿದ್ದರೋ ಅದೇ ತಾಲಿಬಾನ್ ಮರಳಿ ಗದ್ದುಗೆಯಲ್ಲಿತ್ತು. ಬೆಲೆ ತೆರದವರ ಒಮ್ಮತಕ್ಕೆ ಆಯುಷ್ಯ ಕಡಿಮೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಭಾರತದ ಇತಿಹಾಸದಲ್ಲಿ ಇದೇ ಪಾಠಗಳು ನಮ್ಮ ಕೊಡಗಿನವರ ಮೂಲಕ ಬಂದಿವೆ. 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಮಡಿಕೇರಿಯ ಜನರಲ್ ತಿಮ್ಮಯ್ಯ ರಕ್ಷಣಾ ಸಚಿವ ಕೃಷ್ಣ ಮೆನನ್ನರ ವರ್ತನೆಗೆ ಬೇಸತ್ತು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒತ್ತಾಯದಿಂದ ಹಿಂಪಡೆದರು. ಮೂರು ವರ್ಷಗಳ ನಂತರ ಚೀನಾ ದಂಡೆತ್ತಿ ಬಂದಾಗ 'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬ ನುಡಿ ನಮ್ಮ ಪಾಲಿಗೆ ಅಕ್ಷರಶಃ ನಿಜವಾಯಿತು. ಯೋಧರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಚಳಿಯ ಉಡುಪಿಗೂ ಮದ್ದುಗುಂಡಿಗೂ ಕೊರತೆಯಿತ್ತು. ತಾಯಂದಿರು ಮೈಮೇಲಿನ ಒಡವೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಜನರ ಸಂಕಲ್ಪ ದೊಡ್ಡದಿತ್ತು, ಆಳುವವರ ಸಿದ್ಧತೆ ಅದಕ್ಕೆ ತಕ್ಕಂತಿರಲಿಲ್ಲ.

1965ರಲ್ಲಿ ಚಿತ್ರ ಬದಲಾಯಿತು. ಅಮೆರಿಕದ ಪಿಎಲ್ 480 ಗೋಧಿಯ ಮೇಲೆ ದೇಶ ಅವಲಂಬಿಸಿದ್ದ ಕಾಲದಲ್ಲಿ, ಆ ಸರಬರಾಜನ್ನೇ ಲಗಾಮಾಗಿ ಹಿಡಿದಿದ್ದ ಜಾನ್ಸನ್ ಆಡಳಿತದ ಎದುರು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿದರು. ಅವರು ಕೇಳಿದ್ದು ಮಾಡಬಹುದಾದಷ್ಟು ಚಿಕ್ಕದು, ಎಲ್ಲರಿಗೂ ಸಮಾನವಾದದ್ದು. ಆದ್ದರಿಂದಲೇ ಮನೆಮನೆ ಮುಟ್ಟಿತು. ಅದೇ ಯುದ್ಧದಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಸರ್ಗೋಧಾ ದಾಳಿಯಲ್ಲಿ ತಮ್ಮದಕ್ಕಿಂತ ವೇಗದ ಶತ್ರುವಿಮಾನವನ್ನು ಎದುರಿಸಿ ವೀರಮರಣ ಹೊಂದಿದರು; ಮಹಾವೀರ ಚಕ್ರ ಬರಲು 1988ರವರೆಗೆ ಕಾಯಬೇಕಾಯಿತು. ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಯುದ್ಧಕೈದಿಯಾದಾಗ, ಹಿಂದೆ ಅವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಬಿಡುಗಡೆಯ ಮಾತನ್ನಾಡಿದರು. ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ನನ್ನ ಮಕ್ಕಳೇ, ಇವನಿಗೆ ವಿಶೇಷ ಬೇಡ ಎಂಬ ತಾತ್ಪರ್ಯದ ಉತ್ತರ ಮಡಿಕೇರಿಯಿಂದ ಹೋಯಿತು. ಸಂಕಲ್ಪವೆಂಬ ಪದಕ್ಕೆ ಕನ್ನಡನಾಡು ಕೊಟ್ಟ ಅತ್ಯುತ್ತಮ ವ್ಯಾಖ್ಯಾನ ಇದೇ ಇರಬೇಕು.

ಇನ್ನು 2025ಕ್ಕೆ ಬಂದರೆ, ಮೆಚ್ಚಬೇಕಾದದ್ದೂ ಇದೆ, ತಲೆತಗ್ಗಿಸಬೇಕಾದದ್ದೂ ಇದೆ. ಬೆಳಗಾವಿ ಜಿಲ್ಲೆಯ ಸೊಸೆ ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಮೇ 7ರಂದು ದೇಶಕ್ಕೆ ವಿವರ ನೀಡಿದಾಗ ಅವರ ದನಿಯಲ್ಲಿ ಅಬ್ಬರವಿರಲಿಲ್ಲ. ಅಳೆದು ತೂಗಿದ ಮಾತು, ಗುರಿಗಳ ಪಟ್ಟಿ, ಅಷ್ಟೇ. ಮರುರಾತ್ರಿ ಕೆಲವು ಸುದ್ದಿವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತು, ಶತ್ರುದೇಶದಲ್ಲಿ ಕ್ಷಿಪ್ರಕ್ರಾಂತಿಯಾಯಿತು ಎಂದು ಅರಚಿದವು. ಬೆಳಗಾಗುವಷ್ಟರಲ್ಲಿ ಅವೆಲ್ಲ ಸುಳ್ಳೆಂದು ಗೊತ್ತಾಯಿತು. ಅದರಿಂದ ಭಾರತದ ನಿಜವಾದ ಸಾಧನೆಯನ್ನೂ ಜಗತ್ತು ಅನುಮಾನದಿಂದ ನೋಡುವಂತಾಯಿತು. ಇಲ್ಲಿ ನಮ್ಮ ಸಹೋದ್ಯೋಗಿಗಳು ಮರುದಿನ ಕೇಳಿದ್ದು 9 ನೆಲೆಗಳ ಬಗೆಗಲ್ಲ, ಕರಾಚಿಯ ಕಟ್ಟುಕತೆಯ ಬಗೆಗೆ.

ನಮ್ಮ ರಾಜ್ಯದ ರಾಜಕಾರಣವನ್ನೂ ನೋಡೋಣ. ಪಹಲ್ಗಾಮ್ ಹತ್ಯೆ ನಡೆದು ವಾರ ಕಳೆಯುವುದರೊಳಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಯುದ್ಧದ ಅಗತ್ಯವಿಲ್ಲವೆಂಬ ಅರ್ಥದ ಮಾತನಾಡಿದರು. ಪಾಕಿಸ್ತಾನದ ಮಾಧ್ಯಮಗಳು ಅದನ್ನು ಸಂಭ್ರಮದಿಂದ ಬಿತ್ತರಿಸಿದವು. ಯುದ್ಧ ಕೊನೆಯ ಅಸ್ತ್ರವಾಗಬೇಕೆಂದಷ್ಟೇ ತಾವು ಹೇಳಿದ್ದೆಂದು ಅವರು ಮರುದಿನ ಸ್ಪಷ್ಟಪಡಿಸಿದರು. ವಿವೇಕದ ಮಾತೇ ಇರಬಹುದು. ಆದರೆ ಅದನ್ನು ಆಡಬೇಕಾದ ಸ್ಥಳ ಪ್ರಧಾನಿಯೊಡನೆಯ ಮುಚ್ಚಿದ ಕೋಣೆಯಾಗಿತ್ತು. ಅವರದೇ ಸಂಪುಟದ ಜಮೀರ್ ಅಹ್ಮದ್ ಖಾನ್, ಆತ್ಮಾಹುತಿ ಬಾಂಬ್ ಕಟ್ಟಿಕೊಂಡು ಪಾಕಿಸ್ತಾನಕ್ಕೆ ಹೋಗುತ್ತೇನೆಂದರು. ಭಯೋತ್ಪಾದನೆಯ ವಿರುದ್ಧ ಹೋರಾಡುವ ದೇಶದ ಸಚಿವರೊಬ್ಬರು ಭಯೋತ್ಪಾದಕರ ಆಯುಧದ ಹೆಸರಿನಲ್ಲೇ ದೇಶಭಕ್ತಿ ಮೆರೆಯುವುದು ಎಂಥ ವಿಪರ್ಯಾಸ! ಕಾದಾಟ ನಿಂತ ಎರಡು ವಾರಗಳಲ್ಲಿ ವಿಧಾನ ಪರಿಷತ್ತಿನ ಬಿಜೆಪಿ ಸದಸ್ಯರೊಬ್ಬರು ಕಲಬುರಗಿಯ ಮುಸ್ಲಿಂ ಜಿಲ್ಲಾಧಿಕಾರಿಯವರು ಪಾಕಿಸ್ತಾನದಿಂದ ಬಂದವರೇನೋ ಎಂದು ಮೂದಲಿಸಿದರು. ದೇಶದ ಸೇವೆಯಲ್ಲಿರುವ ಅಧಿಕಾರಿಯನ್ನು ಹಾಗೆ ಅವಮಾನಿಸುವುದು ಸಂಪ್ರದಾಯವಾದವೂ ಅಲ್ಲ, ರಾಷ್ಟ್ರವಾದವೂ ಅಲ್ಲ. ಅದು ಒಗ್ಗಟ್ಟಿನ ಗೋಡೆಯಿಂದ ಇಟ್ಟಿಗೆ ಕೀಳುವ ಕೆಲಸ. ನಾವು ಒಲವು ತೋರುವ ಪಕ್ಷದವರು ಮಾಡಿದಾಗಲೂ ಇದನ್ನು ಹೇಳಬೇಕು.

ಇದಕ್ಕೆ ಪ್ರತಿಯಾಗಿ ನಿಂತದ್ದು ಸರ್ವಪಕ್ಷಗಳ ಏಳು ನಿಯೋಗಗಳು. ಮೇ 24ರಂದು ನ್ಯೂಯಾರ್ಕಿಗೆ ಬಂದ ನಿಯೋಗದ ನಾಯಕ ಕಾಂಗ್ರೆಸ್ಸಿನ ಶಶಿ ತರೂರ್. ಜೊತೆಯಲ್ಲಿ ಬೆಂಗಳೂರು ದಕ್ಷಿಣದ ಬಿಜೆಪಿ ಸಂಸದ ತೇಜಸ್ವಿ ಸೂರ್ಯ ಇದ್ದರು. ಅವರು ಮೊದಲು ಹೋದದ್ದು ಸೆಪ್ಟೆಂಬರ್ 11ರ ಸ್ಮಾರಕಕ್ಕೆ. ಮುಂದೆ ಕೊಲಂಬಿಯಾ, ಪಾಕಿಸ್ತಾನದಲ್ಲಿ ಸತ್ತವರಿಗೆ ಸಂತಾಪ ಸೂಚಿಸಿದ್ದ ತನ್ನ ಹೇಳಿಕೆಯನ್ನು ಈ ನಿಯೋಗದ ಮಾತು ಕೇಳಿ ಹಿಂಪಡೆಯಿತು. ಇನ್ನೊಂದು ನಿಯೋಗದಲ್ಲಿ ಅಸಾದುದ್ದೀನ್ ಒವೈಸಿ ಕೊಲ್ಲಿ ದೇಶಗಳಲ್ಲಿ ಭಾರತದ ಪಕ್ಷವನ್ನು ನಿರ್ಭಿಡೆಯಿಂದ ಮಂಡಿಸಿದರು. ಒಳಗೆ ಎಷ್ಟೇ ಜಗಳವಾಡಿದರೂ ಹೊಸ್ತಿಲ ಹೊರಗೆ ಒಂದೇ ದನಿಯಿರಬೇಕೆಂಬ ಕುಟುಂಬಧರ್ಮ ರಾಷ್ಟ್ರಕ್ಕೂ ಸಲ್ಲುತ್ತದೆ.

ಹಾಗೆಂದು ಪ್ರಶ್ನೆ ಕೇಳುವುದೇ ದ್ರೋಹವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಗುಂಡು ಹಾರುತ್ತಿರುವಾಗ 'ಎಷ್ಟು ವಿಮಾನ ಬಿದ್ದವು' ಎಂದು ಕೇಳುವುದು ಶತ್ರುವಿಗೆ ನೆರವಾಗುತ್ತದೆ. ಗುಂಡು ನಿಂತ ಮೇಲೆ ಅದನ್ನು ಕೇಳದಿರುವುದೂ ಶತ್ರುವಿಗೇ ನೆರವಾಗುತ್ತದೆ, ಏಕೆಂದರೆ ತಪ್ಪುಗಳು ತಿದ್ದಿಕೊಳ್ಳದೆ ಉಳಿಯುತ್ತವೆ. ಕಾದಾಟ ನಿಂತ ಸುದ್ದಿಯನ್ನು ದೇಶ ಮೊದಲು ಕೇಳಿದ್ದು ಅಮೆರಿಕದ ಅಧ್ಯಕ್ಷರ ಪ್ರಕಟಣೆಯಿಂದ. ವಿಮಾನಗಳ ನಷ್ಟವನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಮೊದಲು ಒಪ್ಪಿಕೊಂಡದ್ದು ಮೇ 31ರಂದು ಸಿಂಗಪುರದಲ್ಲಿ. ಎರಡನ್ನೂ ಸ್ವದೇಶದ ಜನ ಮೊದಲು ಸ್ವದೇಶದ ನಾಯಕರ ಬಾಯಿಂದ ಕೇಳಬೇಕಿತ್ತು. ಸಂಸತ್ತಿನಲ್ಲಿ ಚರ್ಚೆಯಾದದ್ದು ಜುಲೈ ಕಡೆಯ ವಾರದಲ್ಲಿ. 1999ರಲ್ಲಿ, ಒಂದೇ ಮತದಿಂದ ವಿಶ್ವಾಸ ಕಳೆದುಕೊಂಡ ಉಸ್ತುವಾರಿ ಸರ್ಕಾರ ನಡೆಸುತ್ತಿದ್ದ ವಾಜಪೇಯಿಯವರು, 527 ಯೋಧರನ್ನು ಕಳೆದುಕೊಂಡ ಕಾರ್ಗಿಲ್ ಕದನ ಮುಗಿದೊಡನೆ ಕೆ. ಸುಬ್ರಹ್ಮಣ್ಯಂ ಸಮಿತಿಯನ್ನು ನೇಮಿಸಿ, ಅದರ ವರದಿಯನ್ನು 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟರು. 1962ರ ಸೋಲಿನ ಹೆಂಡರ್‌ಸನ್ ಬ್ರೂಕ್ಸ್ ವರದಿಯನ್ನಾದರೋ ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಬಿಡುಗಡೆ ಮಾಡಲಿಲ್ಲ. ಗೆದ್ದಾಗಲೂ ತನ್ನನ್ನು ಪರೀಕ್ಷೆಗೊಡ್ಡಿಕೊಳ್ಳುವ ದೇಶಕ್ಕೆ ಮಾತ್ರ ಮುಂದಿನ ಸಲದ ಸಂಕಲ್ಪ ಉಳಿಯುತ್ತದೆ.

ಈಗ ಬಂಧುಗಳ ಮೊದಲ ಪ್ರಶ್ನೆಗೆ ಬರೋಣ. ಅಮೆರಿಕ ಯಾರ ಪರ? ಅಮೆರಿಕ ಅಮೆರಿಕದ ಪರ. ಇದರಲ್ಲಿ ಕೋಪಿಸಿಕೊಳ್ಳುವಂಥದ್ದು ಏನೂ ಇಲ್ಲ. 2019ರಲ್ಲಿ ಹ್ಯೂಸ್ಟನ್ನಿನ 'ಹೌಡಿ ಮೋದಿ' ಸಮಾವೇಶದಲ್ಲಿ, 2020ರಲ್ಲಿ ಅಹಮದಾಬಾದಿನ 'ನಮಸ್ತೆ ಟ್ರಂಪ್' ಸಮಾರಂಭದಲ್ಲಿ ಕುಣಿದಾಡಿದ ನಮ್ಮವರು, ರಷ್ಯಾದ ತೈಲದ ನೆಪದ ಹೆಚ್ಚುವರಿ ಸುಂಕವೂ ಸೇರಿ 2025ರ ಆಗಸ್ಟ್ 27ರಿಂದ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಬಿದ್ದಾಗ ಮಾತು ಮರೆತರು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂದಾಗ ಎಷ್ಟೋ ಮನೆಗಳ ಲೆಕ್ಕಾಚಾರ ತಲೆಕೆಳಗಾಯಿತು. ನಾಯಕರ ಆಲಿಂಗನಗಳು ದೇಶಗಳ ನಡುವಣ ಕರಾರಲ್ಲ. ಗೋಧಿಯ ಹಡಗಿಗಾಗಿ ಕಾಯುತ್ತಿದ್ದ 1965ರ ಭಾರತಕ್ಕೆ ಇದು ಗೊತ್ತಿತ್ತು. ಸಂಪನ್ನವಾದ ನಾವು ಮರೆತಿದ್ದೆವು.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಇಲ್ಲಿಗೆ ಬರಲಿಚ್ಛಿಸುವವರು ಗಮನವಿಟ್ಟು ಓದಬೇಕು. ಎಫ್-1, ಎಚ್-1ಬಿ, ಎಚ್-4ರಂಥ ತಾತ್ಕಾಲಿಕ ವೀಸಾದಲ್ಲಿ ಕ್ರಮಬದ್ಧವಾಗಿ ಇರುವವರಿಗೆ ಸೇನಾ ನೋಂದಣಿಯ ಬಾಧ್ಯತೆಯಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಇದೆ: 18ರಿಂದ 25 ವರ್ಷದ ಪ್ರತಿಯೊಬ್ಬ ಗಂಡು, ನಾಗರಿಕನಾಗಿರಲಿ ವಲಸಿಗನಾಗಿರಲಿ, 'ಸೆಲೆಕ್ಟಿವ್ ಸರ್ವಿಸ್' ವ್ಯವಸ್ಥೆಯ ದಾಖಲೆಯಲ್ಲಿ ಸೇರಬೇಕು. ನೋಂದಣಿಯೆಂದರೆ ಸೇನೆಗೆ ಸೇರ್ಪಡೆಯಲ್ಲ. 1973ರಿಂದ ಯಾರನ್ನೂ ಬಲವಂತವಾಗಿ ಕರೆದಿಲ್ಲ. ಆದರೆ ತಿಳಿದೂ ತಪ್ಪಿಸಿಕೊಂಡವರಿಗೆ ಮುಂದೆ ಪೌರತ್ವ ಪಡೆಯುವಾಗ ತೊಡಕಾಗಬಹುದು. ಪೌರತ್ವದ ಪ್ರಮಾಣವಚನದಲ್ಲಂತೂ, ಕಾನೂನು ಬಯಸಿದಾಗ ಈ ದೇಶದ ಪರವಾಗಿ ಶಸ್ತ್ರ ಹಿಡಿಯುವೆನೆಂಬ ವಾಕ್ಯವೇ ಇದೆ; ಧಾರ್ಮಿಕ ಕಾರಣಕ್ಕೆ ವಿನಾಯಿತಿಯಿದೆ. ವೈದ್ಯರಾಗಿ ಬರುವವರಿಗೆ ಇನ್ನೊಂದು ಮಾತು: ಕೊರಿಯಾ ಯುದ್ಧದ ಕಾಲದಲ್ಲಿ, 1950ರಲ್ಲಿ, ವೈದ್ಯರನ್ನು ಪ್ರತ್ಯೇಕವಾಗಿ ಸೇನೆಗೆ ಕರೆಯುವ ಕಾನೂನನ್ನು ಈ ದೇಶ ಮಾಡಿತ್ತು. ಮುಂದೆಂದೂ ಹಾಗಾಗದೆಂದು ಯಾರೂ ಬರೆದುಕೊಟ್ಟಿಲ್ಲ. ಪ್ರಮಾಣವಚನ ಸ್ವೀಕರಿಸುವ ದಿನ ಬಾಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡು ನಿಲ್ಲುವುದು ಎರಡೂ ದೇಶಗಳಿಗೆ ಮಾಡುವ ಅಗೌರವ. ಈ ಬೆಲೆಗೆ ಸಿದ್ಧರಿಲ್ಲದವರು ದುಡಿದು, ಕಲಿತು, ತಾಯ್ನಾಡಿಗೆ ಮರಳುವುದು ಹೆಚ್ಚು ಪ್ರಾಮಾಣಿಕ. ಅದರಲ್ಲಿ ಯಾವ ಸೋಲೂ ಇಲ್ಲ.

ಹಾಗಾದರೆ ಅನಿವಾಸಿಗಳು ತಾಯ್ನಾಡಿನ ಯುದ್ಧಕಾಲದಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಇಲ್ಲ. ಆದರೆ ದನಿಯ ಅಳತೆ ತಿಳಿದಿರಬೇಕು. ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ನಿಂತು 'ಲಾಹೋರ್‌ವರೆಗೆ ನುಗ್ಗಿ' ಎನ್ನುವುದು ಸುಲಭ. ನುಗ್ಗಬೇಕಾದವನು ಬೆಳಗಾವಿಯ ಹಳ್ಳಿಯ ರೈತನ ಮಗ, ಕೊಡಗಿನ ತೋಟದ ಮನೆಯ ಹುಡುಗ. ಅವನ ತಾಯಿಗಿಲ್ಲದ ಆತುರ ಏಳೆಂಟು ಸಾವಿರ ಮೈಲಿ ದೂರದ ನಮಗೇಕೆ? ಯುದ್ಧದ ಬೆಲೆ ತೆರದವರು ಯುದ್ಧಕ್ಕೆ ಕರೆಕೊಡುವಾಗ ದನಿ ತಗ್ಗಿಸಬೇಕು, ಬೆಲೆ ತೆತ್ತವರ ಬೆಂಬಲಕ್ಕೆ ನಿಲ್ಲುವಾಗ ದನಿ ಎತ್ತರಿಸಬೇಕು.

ಇಂಥ ಬೆಂಬಲಕ್ಕೆ ನಮ್ಮದೇ ಮಾದರಿಯಿದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು. ಭಾರತದ ಸಾಲಯೋಗ್ಯತೆಯ ದರ್ಜೆ ಇಳಿಯಿತು. ಆಗಸ್ಟ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಹೊರತಂದ 'ರಿಸರ್ಜೆಂಟ್ ಇಂಡಿಯಾ ಬಾಂಡ್'ಗಳನ್ನು ಅನಿವಾಸಿಗಳು ಕೆಲವೇ ವಾರಗಳಲ್ಲಿ ಕೊಂಡರು. ಸಂಗ್ರಹವಾದದ್ದು ಸುಮಾರು 420 ಕೋಟಿ ಡಾಲರ್. ಬಡ್ಡಿ ಚೆನ್ನಾಗಿತ್ತು, ಆದ್ದರಿಂದ ತ್ಯಾಗವೆಂದು ಬೀಗಬೇಕಿಲ್ಲ. ಆದರೂ ಜಗತ್ತು ಅನುಮಾನಿಸಿದ ಹೊತ್ತಿನಲ್ಲಿ ಉಳಿತಾಯದ ಹಣವನ್ನು ನಂಬಿ ಇಟ್ಟದ್ದು ಸಾವಿರ ಮೆರವಣಿಗೆಗಳಿಗಿಂತ ಮೇಲಾದ ಹೇಳಿಕೆಯಾಗಿತ್ತು. ದೊಡ್ಡ ಮೊತ್ತವೇ ಬೇಕೆಂದಿಲ್ಲ. ಪ್ರತಿ ವರ್ಷ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಊರಿನ ಬಂಧುಗಳ ಮೂಲಕ ಒಂದಷ್ಟು ಸಲ್ಲಿಸಬಹುದು. ನಮ್ಮ ಹುಟ್ಟೂರಿನಲ್ಲಿ ಮಡಿದ ಯೋಧನ ಮನೆಯಿದ್ದರೆ ಅವನ ಮಗಳ ಓದಿನ ಹೊಣೆ ಹೊರಬಹುದು. ವೈದ್ಯರು ಬೆನ್ನುಹುರಿ ಮುರಿದ, ಕೈಕಾಲು ಕಳೆದುಕೊಂಡ ಯೋಧರ ಪುನರ್ವಸತಿಗೆ ತಮ್ಮ ರಜೆಯ ಒಂದು ವಾರವನ್ನು ಕೊಡಬಹುದು. ಪುಣೆಯ ಖಡ್ಕಿಯಲ್ಲಿ ಅಂಥವರಿಗೆಂದೇ ಒಂದು ಕೇಂದ್ರವಿದೆ. ಗಾಯಾಳುವಿನ ಯುದ್ಧ ಕದನವಿರಾಮದೊಂದಿಗೆ ಮುಗಿಯುವುದಿಲ್ಲವೆಂಬುದನ್ನು ಅಲ್ಲಿ ಕಾಣಬಹುದು.

ಊರಿನಲ್ಲಿರುವ ಬಂಧುಗಳಲ್ಲಿಯೂ ಒಂದು ಅರಿಕೆ. ಮುಂದಿನ ಸಲ ಗಡಿಯಲ್ಲಿ ಗುಂಡಿನ ಸದ್ದು ಕೇಳಿಸಿದಾಗ, ವಾಟ್ಸ್ಯಾಪಿನಲ್ಲಿ ಬಂದದ್ದನ್ನು ಮುಂದೆ ಕಳುಹಿಸುವ ಮೊದಲು ಸೇನೆಯ ಅಧಿಕೃತ ಹೇಳಿಕೆಗಾಗಿ ಒಂದು ಗಂಟೆ ಕಾಯಿರಿ. ಸೇನಾ ವಾಹನಗಳು ಸಾಗುವುದನ್ನು ಚಿತ್ರೀಕರಿಸಬೇಡಿ. ನೆರೆಯ ಮುಸ್ಲಿಂ ಮನೆಯವರನ್ನು ಅವರ ದೇಶಭಕ್ತಿಯ ಪುರಾವೆ ಕೇಳಬೇಡಿ. ಶಾಸಕರು ಮತ ಕೇಳಲು ಬಂದಾಗ, ಯುದ್ಧದ ದಿನಗಳಲ್ಲಿ ಅವರು ಆಡಿದ ಮಾತನ್ನು ನೆನಪಿಸಿ. ವಾರಕ್ಕೊಂದು ಹೊತ್ತಿನ ಊಟ ಬಿಟ್ಟ ತಾತ ಅಜ್ಜಿಯರ ಮನೆಗಳಲ್ಲಿ ಹುಟ್ಟಿದ ನಮಗೆ ಇಷ್ಟು ಸಂಯಮ ಕಷ್ಟವಾಗಬಾರದು.